ಮಾಳಿಗೆ ಮೇಲಿನ ಬಿಳಿ ಪೆಟ್ಟಿಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರೂವರೆ. ಹುಬ್ಬಳ್ಳಿಯ ಕೇಶ್ವಾಪುರದ ಕುಸುಗಲ್ ರಸ್ತೆಯಲ್ಲಿ ಎಳನೀರಿನವನೂ ಗಾಡಿಯನ್ನು ಬೇವಿನ ನೆರಳಿಗೆ ತಳ್ಳಿಕೊಂಡು ಹೋಗಿರುವ ಹೊತ್ತು. ಎಸಿ ರಿಪೇರಿಯವರ ಫೋನುಗಳಿಗೆ ಮಾತ್ರ ಆಗ ಪುರುಸೊತ್ತಿಲ್ಲ. ಆ ಕಡೆಯಿಂದ ಬರುವ ದೂರು ಹೆಚ್ಚುಕಮ್ಮಿ ಒಂದೇ: "ಫ್ಯಾನ್ ತಿರಗತದ್ರಿ, ಕೂಲಿಂಗ್ ಬರವಲ್ದು." ಬೆನ್ನಿಗೇ ರೋಗ ಯಾವುದೆಂಬುದನ್ನೂ ಮನೆಯವರೇ ಹೇಳಿಬಿಡುತ್ತಾರೆ: "ಗ್ಯಾಸ್ ಖಾಲಿ ಆಗಿರಬೇಕು ನೋಡ್ರಿ."

ಬಹಳ ಸಲ ಗ್ಯಾಸ್ ಇದ್ದಲ್ಲೇ ಇರುತ್ತದೆ. ಏದುಸಿರು ಬಿಡುತ್ತಿರುವುದು ಮಾಳಿಗೆಯ ಮೇಲೆ ಧೂಳು ಕುಡಿಯುತ್ತ ಕುಳಿತ ಬಿಳಿ ಪೆಟ್ಟಿಗೆ.

ಹುಬ್ಬಳ್ಳಿಯ ಮಂದಿ ಎಸಿಯನ್ನು ಬಹಳ ಕಾಲ ತಮ್ಮೂರಿಗೆ ಬೇಕಾದ ವಸ್ತುವೆಂದು ಎಣಿಸಿರಲೇ ಇಲ್ಲ. ಬಿಸಿಲೆಂದರೆ ಕಲಬುರಗಿ, ರಾಯಚೂರು. ಇದು ಮಲೆನಾಡಿನ ಹೊಸ್ತಿಲು ಎಂಬ ಹೆಮ್ಮೆ ಅವರದು. ಸರ್ಕಾರದ ಲೆಕ್ಕವೂ ಹಾಗೇ ಇದೆ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ರೂಢಿಯಿದೆ. ಧಾರವಾಡ ಜಿಲ್ಲೆಗೆ ಆ ರಿಯಾಯಿತಿ ಇಲ್ಲ. ಹುಬ್ಬಳ್ಳಿಯ ಬಿಸಿಲು 37, 38 ಡಿಗ್ರಿಯ ಆಸುಪಾಸಿನದು, ಬೆವರಿಳಿಸಿದರೂ ಪಟ್ಟಿಗೆ ಸೇರದಂಥದ್ದು.

ಹಳೆಯ ಮನೆಗಳಿಗೆ ಎಸಿ ಬೇಕಾಗಿಯೂ ಇರಲಿಲ್ಲ. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, 1885ರಲ್ಲಿ ರೈಲ್ವೆ ಕಾರ್ಯಾಗಾರ ಶುರುವಾಯಿತು. ಆ ಕಾಲದ ರೈಲ್ವೆ ಮನೆಗಳಲ್ಲಿ ಹಂಚಿನ ಸೂರು ಎತ್ತರದಲ್ಲಿರುತ್ತಿತ್ತು, ಬಿಸಿಗಾಳಿ ಹೊರಗೆ ಹೋಗಲು ಗೋಡೆಯ ನೆತ್ತಿಯಲ್ಲಿ ಕಿಂಡಿ ಇರುತ್ತಿತ್ತು, ಅಂಗಳದಲ್ಲಿ ಮರ ಇರುತ್ತಿತ್ತು. ಇನ್ನೂ ಹಿಂದಿನ ಮಣ್ಣಿನ ಮಾಳಿಗೆಯ ಮನೆಗಳಂತೂ ನಡುಮಧ್ಯಾಹ್ನವೂ ಒಳಗೆ ತಂಪು. ಇಂದು ಕೇಶ್ವಾಪುರದಲ್ಲಿ ಹತ್ತಡಿ ಎತ್ತರದ ಆರ್‌ಸಿಸಿ ಸ್ಲ್ಯಾಬು, ಪಡುವಣ ದಿಕ್ಕಿಗೆ ಅಗಲವಾದ ಗಾಜಿನ ಕಿಟಕಿ, ಮರ ಇದ್ದ ಜಾಗದಲ್ಲಿ ಕಾರು. ಬಿಸಿಲು ಒಂದೆರಡು ಡಿಗ್ರಿ ಏರಿರಬಹುದು. ಅದಕ್ಕಿಂತ ಮನೆಯೇ ಹೆಚ್ಚು ಬದಲಾಗಿದೆ.

ಎಸಿಯನ್ನು ಚೆನ್ನಾಗಿ ಇಟ್ಟುಕೊಳ್ಳಬೇಕಾದರೆ ಅದು ಮಾಡುವ ಕೆಲಸ ಏನೆಂದು ಮೊದಲು ಗೊತ್ತಿರಬೇಕು. ಹೆಸರು ಕೇಳಿದರೆ ಥಂಡಿ ತಯಾರಿಸುವ ಯಂತ್ರ ಅನ್ನಿಸುತ್ತದೆ. ನಿಜದಲ್ಲಿ ಅದರದು ಶುದ್ಧ ಹಮಾಲಿ ಕೆಲಸ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲರು ಲಾರಿಯಿಂದ ಮೆಣಸಿನಕಾಯಿ ಚೀಲ ಹೊತ್ತು ಗೋದಾಮಿಗೆ ಇಳಿಸಿ ಮತ್ತೆ ಬರಿಗೈಲಿ ಬರುತ್ತಾರಲ್ಲ, ಹಾಗೆಯೇ ತಾಮ್ರದ ಪೈಪಿನೊಳಗಿನ ಗ್ಯಾಸು ಕೋಣೆಯ ಕಾವನ್ನು ಹೊತ್ತು ಹೊರಗಿನ ಪೆಟ್ಟಿಗೆಯಲ್ಲಿ ಇಳಿಸಿ ಮರಳುತ್ತದೆ. ಒಳಗಿನ ಕಾಯಿಲಿನಲ್ಲಿ ದ್ರವವಾಗಿದ್ದದ್ದು ಆವಿಯಾಗುವಾಗ ಕಾವನ್ನು ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ, ಹೊರಗಿನ ಗಾಳಿಗಿಂತ ಬಿಸಿಯಾಗಿಸಿ ಹೊರಗಿನ ಕಾಯಿಲಿಗೆ ತಳ್ಳುತ್ತದೆ. ಅಲ್ಲಿ ಫ್ಯಾನು ಬೀಸಿದಾಗ ಕಾವು ಬಯಲಿಗೆ ಹೋಗುತ್ತದೆ. ಇಳಿಸುವ ಜಾಗದಲ್ಲಿ ಅಡ್ಡಿಯಾಯಿತೋ, ಹಮಾಲ ಚೀಲ ಹೊತ್ತುಕೊಂಡೇ ಹಿಂತಿರುಗುತ್ತಾನೆ. ಕೋಣೆಯಲ್ಲಿ ಕುಳಿತವರು ರಿಮೋಟನ್ನು ಎಷ್ಟು ಒತ್ತಿದರೂ ಅಷ್ಟೇ.

ಈ ಹಮಾಲಿಯ ಅಳತೆಗೂ ಒಂದು ಕಥೆಯಿದೆ. ಒಂದೂವರೆ ಟನ್ ಎಸಿ ಅಂದರೆ ಅದರ ತೂಕ ಒಂದೂವರೆ ಟನ್ ಅಲ್ಲವಷ್ಟೆ. ಯಂತ್ರಗಳು ಬರುವ ಮುಂಚೆ ಥಂಡಿ ಎಂಬುದು ಮಂಜುಗಡ್ಡೆಯ ವ್ಯಾಪಾರವಾಗಿತ್ತು. 1833ರಲ್ಲಿ ಅಮೆರಿಕದ ಕೆರೆಗಳ ಮಂಜು ಹಡಗಿನಲ್ಲಿ ಕಲ್ಕತ್ತೆಯವರೆಗೂ ಬಂದಿತ್ತು. ಯಂತ್ರಗಳು ಬಂದ ಮೇಲೆ ಅವುಗಳ ಶಕ್ತಿಯನ್ನೂ ಮಂಜಿನಲ್ಲೇ ಅಳೆದರು. ಸುಮಾರು 907 ಕಿಲೋ ತೂಗುವ ಅಮೆರಿಕದ ಟನ್ನಿನಷ್ಟು ಮಂಜು 24 ತಾಸಿನಲ್ಲಿ ಕರಗುವಾಗ ಎಷ್ಟು ಕಾವು ಹೀರುತ್ತದೋ ಅದು ಒಂದು ಟನ್. ಆ ಲೆಕ್ಕದಲ್ಲಿ ಒಂದೂವರೆ ಟನ್ ಎಸಿ ಎಂಟು ತಾಸು ಪೂರ್ತಿ ದುಡಿದರೆ ಮಲಗುವ ಕೋಣೆಯಲ್ಲಿ 450 ಕಿಲೋ ಐಸ್ ಕರಗಿಸಿದಂತೆ. ಅಂದಹಾಗೆ, ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಮೊದಲ ಆಧುನಿಕ ಎಸಿಯನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಅತ್ತಿತ್ತ ಸರಿಯುತ್ತಿದ್ದವು, ಅದನ್ನು ತಡೆಯಲಿಕ್ಕೆ.

ಕೋಣೆಯಿಂದ ಹೊತ್ತು ತಂದ ಕಾವೆಲ್ಲ ಹೊರಗಿನ ಪೆಟ್ಟಿಗೆಯಿಂದ ಹೋಗಬೇಕು, ಕಂಪ್ರೆಸರ್ ತಿಂದ ಕರೆಂಟಿನ ಕಾವೂ ಸೇರಿ. ಒಂದೂವರೆ ಟನ್ನಿನ ಯಂತ್ರ ಪೂರ್ತಿ ಓಡುವಾಗ ಅದು ಆರೂವರೆ ಕಿಲೋವ್ಯಾಟಿನ ಆಸುಪಾಸು. ಸ್ನಾನದ ಮನೆಯ ಮೂರು ದೊಡ್ಡ ಗೀಸರ್‌ಗಳು ಒಟ್ಟಿಗೆ ಕಾದಂತೆ. ಈಗ ಕೇಶ್ವಾಪುರದ ಮನೆಗಳಲ್ಲಿ ಆ ಪೆಟ್ಟಿಗೆಯನ್ನು ಎಲ್ಲಿ ಇಡುತ್ತಾರೆ ನೋಡಿ. ಕಳ್ಳರ ಭಯಕ್ಕೆ ಒತ್ತೊತ್ತು ಸರಳಿನ ಪಂಜರ. ಪಕ್ಕದ ಮನೆಯ ಗೋಡೆಗೂ ಇದಕ್ಕೂ ನಡುವೆ ಒಂದೂವರೆ ಅಡಿಯ ಸಂದಿ. ಅಪಾರ್ಟ್‌ಮೆಂಟುಗಳಲ್ಲಿ ನಾಲ್ಕು ಮನೆಯ ನಾಲ್ಕು ಪೆಟ್ಟಿಗೆ ಒಂದೇ ಬಾವಿಯಂಥ ಜಾಗದಲ್ಲಿ ಮುಖಾಮುಖಿ, ಒಂದು ಉಗುಳಿದ ಝಳವನ್ನು ಇನ್ನೊಂದು ನುಂಗುತ್ತ. ಕಂಪನಿಯವರು ಯಂತ್ರದ ಶಕ್ತಿಯನ್ನು ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. ಹವಾಮಾನ ಇಲಾಖೆ 38 ಎನ್ನುವುದು ನೆರಳಿನ ಗಾಳಿಗೆ. ಪ್ಯಾರಾಪೆಟ್ಟಿನ ಮೂಲೆಯಲ್ಲಿ, ಕಾದ ಸಿಮೆಂಟಿನ ಮೇಲೆ, ತನ್ನದೇ ಬಿಸಿಯುಸಿರಿನ ನಡುವೆ ಕುಳಿತ ಪೆಟ್ಟಿಗೆಗೆ ಅದು 45 ದಾಟುವುದು ದೊಡ್ಡ ಮಾತಲ್ಲ. ಆಗ ಯಂತ್ರದ ಶಕ್ತಿ ಇಳಿಯುತ್ತದೆ, ಕರೆಂಟು ಏರುತ್ತದೆ, ಒಳಗಿನ ಒತ್ತಡ ಮಿತಿ ಮೀರಿದರೆ ಕಂಪ್ರೆಸರ್ ತಾನಾಗಿ ನಿಂತುಬಿಡುತ್ತದೆ. ಮೂರೂವರೆಯ ಫೋನಿನ ಗುಟ್ಟು ಇದೇ. ಸಂಜೆ ಮೆಕ್ಯಾನಿಕ್ ಬರುವ ಹೊತ್ತಿಗೆ ಬಿಸಿಲು ಇಳಿದು ಎಸಿ ಸುಮ್ಮನೆ ನಡೆಯುತ್ತಿರುತ್ತದೆ. ಮನೆಯವರಿಗೆ ಸೋಜಿಗ, ಮೆಕ್ಯಾನಿಕ್‌ಗೆ ಮಾಮೂಲು.

ಪೆಟ್ಟಿಗೆಯ ಹಿಂದೆ ಒಂದು ಗೇಣು, ಮುಂದೆ ಎರಡು ಮೊಳ ಜಾಗ ಇದ್ದರೆ ಅದು ಉಸಿರಾಡುತ್ತದೆ. ನೆರಳು ಬೇಕು ನಿಜ, ಆದರೆ ಮೇಲೆ ತುಸು ಎತ್ತರದಲ್ಲಿ ಒಂದು ತಗಡೋ ಚಾಪೆಯೋ ಸಾಕು. ಪಕ್ಕಗಳನ್ನು ಮುಚ್ಚಿದರೆ ನೆರಳಿನ ಲಾಭಕ್ಕಿಂತ ಗಾಳಿ ನಿಂತ ನಷ್ಟವೇ ಹೆಚ್ಚು. ಪಂಜರ ಇರಲೇಬೇಕೆಂದರೆ ಸರಳುಗಳು ಅಗಲ ಅಗಲ ಇರಲಿ.

ಇನ್ನು ಧೂಳು. ಹುಬ್ಬಳ್ಳಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಸುತ್ತ ಎರಿಭೂಮಿ, ಊರೊಳಗೆ ಒಂದಲ್ಲ ಒಂದು ರಸ್ತೆ ಅಗೆತ, ಚೆನ್ನಮ್ಮ ವೃತ್ತದ ಕಡೆ ಮೇಲ್ಸೇತುವೆಯ ಕಾಮಗಾರಿ. ಮೆಕ್ಯಾನಿಕ್ ಮಾಳಿಗೆ ಹತ್ತಿ ಪೆಟ್ಟಿಗೆ ತೊಳೆಯುವುದನ್ನು ಒಮ್ಮೆ ನಿಂತು ನೋಡಬೇಕು. ಮೊದಲು ಎಂಸಿಬಿ ಇಳಿಸುತ್ತಾನೆ. ಮುಚ್ಚಳ ಬಿಚ್ಚಿ ಹಿಂದುಗಡೆ ಬೆರಳಾಡಿಸಿದರೆ, ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ನಿಂತ ಅಲ್ಯುಮಿನಿಯಂ ರೆಕ್ಕೆಗಳ ಮೇಲೆ ಕಂಬಳಿಯಂಥ ಪದರ: ಧೂಳು, ಬೇವಿನ ಕಡ್ಡಿ, ಪಾರಿವಾಳದ ಪುಕ್ಕ. ಕಂಬಳಿಯ ಒಂದು ಅಂಚು ಹಿಡಿದು ಎಳೆದರೆ ಅಂಗೈ ಅಗಲದ ತುಂಡು ಹಾಗೇ ಸುಲಿದು ಬರುತ್ತದೆ. ಬಲ್ಲವನು ನೀರನ್ನು ಒಳಗಿನಿಂದ ಹೊರಕ್ಕೆ ಬಿಡುತ್ತಾನೆ, ಹೊಕ್ಕ ಧೂಳು ಹೊಕ್ಕ ದಾರಿಯಲ್ಲೇ ಹೋಗಲೆಂದು. ಮೊದಲ ಬಕೆಟ್ಟಿನ ನೀರು ಎರಿಹೊಲದಲ್ಲಿ ಮಳೆ ನಿಂತಂತೆ ಕಪ್ಪಗೆ ಹರಿಯುತ್ತದೆ. ಜೆಟ್ ಪಂಪನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಇದ್ದ ಸಂದಿಯೂ ಮುಚ್ಚುತ್ತದೆ. ಅವಸರದ ಸರ್ವಿಸ್ ಒಳ್ಳೆಯ ಎಸಿಯನ್ನು ಕೆಡಿಸುವುದು ಹೀಗೆ.

ಒಳಗಿನ ಫಿಲ್ಟರಿಗೆ ಯಾರೂ ಬೇಕಾಗಿಲ್ಲ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುವುದು. ಆಚೆಯ ಸರಳು ಕಾಣದಿದ್ದರೆ ನಲ್ಲಿ ಕೆಳಗೆ ತೊಳೆದು ನೆರಳಲ್ಲಿ ಒಣಗಿಸುವುದು. ಕಟ್ಟಿಕೊಂಡ ಫಿಲ್ಟರನ್ನು ಸರಿಪಡಿಸಿದರೆ ಶೇಕಡಾ 5ರಿಂದ 15ರವರೆಗೆ ವಿದ್ಯುತ್ ಉಳಿಯುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಗಾಳಿ ಆಡದೆ ಹೋದರೆ ಒಳಗಿನ ಕಾಯಿಲಿನ ಮೇಲೆ ಬರ್ಫ ಕಟ್ಟುತ್ತದೆ. ಬರ್ಫ ಕಂಡು "ಭಾಳ ಥಂಡಿ ಆಗೇದ" ಎಂದು ಖುಷಿಪಡುವವರೂ ಇದ್ದಾರೆ! ಅದು ಕಾಯಿಲೆಯ ಗುರುತು. ಎಸಿ ಆರಿಸಿ, ಬರೀ ಫ್ಯಾನಿನಲ್ಲಿಟ್ಟು ಕರಗಿಸಿ, ಫಿಲ್ಟರ್ ನೋಡಬೇಕು. ಫಿಲ್ಟರ್ ಶುಚಿಯಿದ್ದೂ ಬರ್ಫ ಬಂದರೆ ಆಗ ಗ್ಯಾಸಿನ ಮಾತು.

ಆ ಗ್ಯಾಸಿನ ಮಾತನ್ನೇ ಒಂದಿಷ್ಟು ಆಡಬೇಕು, ಜನರ ದುಡ್ಡು ಹೆಚ್ಚು ಸೋರುವುದು ಇಲ್ಲೇ. ಎಸಿಯ ಗ್ಯಾಸು ಅಡುಗೆ ಮನೆಯ ಸಿಲಿಂಡರಿನಂತೆ ಉರಿದು ಮುಗಿಯುವುದಲ್ಲ. ಬೆಸುಗೆ ಹಾಕಿ ಮುಚ್ಚಿದ ಪೈಪಿನಲ್ಲಿ ಅದೇ ಒಂದು ಕಿಲೋ ಆಸುಪಾಸಿನ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಹಮಾಲ ಚೀಲ ಹೊತ್ತು ಸವೆಯುವುದಿಲ್ಲ. ಅವನು ಕಾಣೆಯಾದರೆ ಎಲ್ಲೋ ಗೋಡೆಯಲ್ಲಿ ಕಂಡಿ ಬಿದ್ದಿದೆ ಎಂದರ್ಥ, ಸಾಮಾನ್ಯವಾಗಿ ಪೈಪಿನ ಜೋಡಣೆಯ ನಟ್ಟಿನಲ್ಲಿ ಇಲ್ಲವೇ ತುಕ್ಕು ಹಿಡಿದ ಕಾಯಿಲಿನಲ್ಲಿ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಬೇಕು, ಮುಚ್ಚಬೇಕು, ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ ತೇವ ತೆಗೆಯಬೇಕು, ಆಮೇಲೆ ಪೆಟ್ಟಿಗೆಯ ಚೀಟಿಯಲ್ಲಿ ಬರೆದ ತೂಕದಷ್ಟು ಗ್ಯಾಸ್ ಹಾಕಬೇಕು. ಹೀಗಾಗಿ ಗ್ಯಾಸ್ ಹಾಕಲು ಬಂದವನ ಚೀಲದಲ್ಲಿ ತಕ್ಕಡಿ ಇದೆಯೋ ಇಲ್ಲವೋ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಪ್ರತಿ ಏಪ್ರಿಲ್ಲಿಗೆ ತಪ್ಪದೆ ಗ್ಯಾಸ್ ತುಂಬಿಸುವ ಮನೆಯವರು ಹಬ್ಬದಂತೆ ಅದನ್ನು ಆಚರಿಸುತ್ತಿದ್ದಾರೆಯೇ ಹೊರತು ರಿಪೇರಿ ಮಾಡಿಸುತ್ತಿಲ್ಲ.

ಗ್ಯಾಸಿನ ಹೆಸರೂ ಈಗ ಬದಲಾಗಿದೆ. ಹಳೆಯ ಆರ್-22 ಓಜೋನ್ ಪದರಕ್ಕೆ ಹಾನಿಯೆಂದು ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಿಂದೆ ಸರಿಯಿತು. ಹೊಸ ಮನೆ ಎಸಿಗಳಲ್ಲಿ ಹೆಚ್ಚಾಗಿ ಆರ್-32, ಕೆಲವದರಲ್ಲಿ ಪ್ರೊಪೇನ್ ಎಂಬ ಆರ್-290. ಆರ್-32 ಸಣ್ಣಗೆ ಹೊತ್ತಿಕೊಳ್ಳುವ ಗುಣದ್ದು, ಪ್ರೊಪೇನ್ ಅಂತೂ ಅಡುಗೆ ಅನಿಲದ ಬಳಗದ್ದೇ. ಬೀಡಿ ಕಚ್ಚಿಕೊಂಡು ಇವುಗಳ ಪೈಪು ಬಿಚ್ಚುವವನನ್ನು ಚಹಾ ಕೊಟ್ಟು ಕಳಿಸುವುದೇ ಲೇಸು.

ಕೂಲಿಂಗ್ ಇದೆಯೋ ಇಲ್ಲವೋ ಎಂದು ತಿಳಿಯಲು ಒಂದು ಥರ್ಮಾಮೀಟರ್ ಸಾಕು. ಎಸಿ ಹಾಕಿ ಕಾಲು ತಾಸಿನ ಬಳಿಕ ಅದು ಎಳೆದುಕೊಳ್ಳುವ ಗಾಳಿಯನ್ನೂ ಬಿಡುವ ಗಾಳಿಯನ್ನೂ ಅಳೆದರೆ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಅಂತರ ಇರುತ್ತದೆ. ಅಷ್ಟಿದ್ದೂ ಕೋಣೆ ತಣ್ಣಗಾಗದಿದ್ದರೆ ಎಸಿಯ ತಪ್ಪಿಲ್ಲ. ಕಾವು ಬೇರೆ ಕಡೆಯಿಂದ ನುಗ್ಗುತ್ತಿದೆ.

ಕೆಲವು ಕೇಡುಗಳಿಗೆ ಬಿಸಿಲೂ ಕಾರಣವಲ್ಲ, ಧೂಳೂ ಅಲ್ಲ. ಬೆಚ್ಚಗಿನ ಜಾಗ ಹುಡುಕಿ ಹೊರಗಿನ ಪೆಟ್ಟಿಗೆ ಹೊಕ್ಕ ಹಲ್ಲಿ ಎರಡು ತಂತಿಯ ನಡುವೆ ಸೇತುವೆಯಾಗಿ ತಾನೂ ಸುಟ್ಟು ಬೋರ್ಡನ್ನೂ ಸುಡುತ್ತದೆ. ತಲೆ, ಹೆಗಲು, ಮಂಡಿ ಎಂದು ಹಲ್ಲಿ ಎಲ್ಲೆಲ್ಲಿ ಬಿದ್ದರೆ ಏನೇನು ಫಲ ಎಂದು ಪಂಚಾಂಗದಲ್ಲಿ ಪಟ್ಟಿಯಿದೆ. ಪಿಸಿಬಿ ಮೇಲೆ ಬಿದ್ದರೆ ಫಲ ಹಲವು ಸಾವಿರ ರೂಪಾಯಿ ಎಂದು ಅದರಲ್ಲಿ ಸೇರಿಸಬಹುದು. ತಂತಿ ಹೋಗುವ ತೂತನ್ನು ಮುಚ್ಚಿಸಿದರೆ ಈ ಖರ್ಚು ತಪ್ಪುತ್ತದೆ. ತಾಮ್ರದ ಪೈಪಿನ ಮೇಲಿನ ಕರಿ ಸ್ಪಂಜನ್ನು ಬಿಸಿಲು ಪುಡಿ ಮಾಡುತ್ತದೆ, ಉಳಿದದ್ದನ್ನು ಅಳಿಲು ಕೀಳುತ್ತದೆ. ಅದನ್ನೂ ವರ್ಷಕ್ಕೊಮ್ಮೆ ನೋಡಿಕೊಂಡರೆ ಚೆನ್ನ. ಮೇ ತಿಂಗಳ ಅಡ್ಡಮಳೆಯ ಬಿರುಗಾಳಿಗೆ ಕೊಂಬೆ ಮುರಿದು ಕರೆಂಟು ಹೋಗಿ ಬಂದು ಆಡುವಾಗ ಎಸಿಯನ್ನು ಪೂರ್ತಿ ಆರಿಸಿಡಬೇಕು. ಕರೆಂಟು ಬಂದ ಕೂಡಲೇ ಥಂಡಿ ಬರಲಿಲ್ಲವೆಂದು ಗಾಬರಿ ಬೇಡ. ಒಳಗಿನ ಒತ್ತಡ ಸಮವಾಗಲೆಂದು ಕಂಪ್ರೆಸರ್ ಮೂರು ನಿಮಿಷದಷ್ಟು ತಾನೇ ಕಾಯುತ್ತದೆ.

ಬಿಲ್ಲಿನ ವಿಷಯಕ್ಕೆ ಬಂದರೆ ಹೆಸ್ಕಾಂ ಗ್ರಾಹಕರಿಗೆ 200 ಎಂಬ ಅಂಕಿ ಬಾಯಿಪಾಠ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ 2023ರ ಜುಲೈನಲ್ಲಿ ಶುರುವಾದಾಗ 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಪ್ರತಿ ಮನೆಗೂ ಒಂದು ಉಚಿತ ಮಿತಿ ಗೊತ್ತುಮಾಡಿದರು. ಮಿತಿ ದಾಟಿಯೂ 200ರೊಳಗಿದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ಸರಾಸರಿ 120 ಯುನಿಟ್ ಇದ್ದ ಮನೆಗೆ 132ರವರೆಗೆ ಉಚಿತ ಎಂದಿಟ್ಟುಕೊಳ್ಳಿ. ಏಪ್ರಿಲ್ಲಿನಲ್ಲಿ ಅದು 208 ಯುನಿಟ್ ಸುಟ್ಟು, ಅದರಲ್ಲಿ ಎಸಿಯ ಪಾಲು 125 ಆಗಿದ್ದರೆ, 208ಕ್ಕೂ ದುಡ್ಡು ಕಟ್ಟಬೇಕು. ರಿಮೋಟಿನಲ್ಲಿ ಒಂದು ಡಿಗ್ರಿ ಏರಿಸಿದರೆ ಎಸಿಯ ಬಳಕೆ ಸುಮಾರು ಶೇಕಡಾ 6 ಇಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. ಎರಡು ಡಿಗ್ರಿ ಏರಿಸಿದರೆ ಹದಿನೈದು ಯುನಿಟ್ಟಿನ ಹತ್ತಿರ ಉಳಿದು ಮೀಟರು 193, 194ರಲ್ಲಿ ನಿಲ್ಲುತ್ತದೆ. ಕಟ್ಟಬೇಕಾದ್ದು ಅರವತ್ತು ಚಿಲ್ಲರೆ ಯುನಿಟ್ಟಿಗೆ. ಎರಡು ಡಿಗ್ರಿಗೆ ಇಷ್ಟು ಬೆಲೆ ಬೇರೆಲ್ಲೂ ಇರಲಿಕ್ಕಿಲ್ಲ.

ಇದೇ ಬ್ಯೂರೋದ ನಿಯಮದಿಂದಾಗಿ 2020ರ ಜನವರಿಯಿಂದ ಹೊಸ ಎಸಿಗಳು ಹಾಕಿದ ಕೂಡಲೇ 24 ತೋರಿಸುತ್ತವೆ. ಅದನ್ನು 16ಕ್ಕೆ ಇಳಿಸಿದರೆ ಬೇಗ ಥಂಡಿಯಾಗುತ್ತದೆ ಎಂಬ ನಂಬಿಕೆ ಹೋಗುವಂತೆ ಕಾಣುವುದಿಲ್ಲ. 16 ಎಂಬುದು ವೇಗವಲ್ಲ, ನಿಲ್ಲಬೇಕಾದ ಊರು. ಧಾರವಾಡಕ್ಕೆ ಹೋಗುವವರು ಬೆಳಗಾವಿಗೆ ಟಿಕೆಟ್ ತೆಗೆದರೆ ಬಸ್ಸೇನು ಜೋರಾಗಿ ಓಡೀತೆ? 26ಕ್ಕಿಟ್ಟು ಮೇಲೆ ಫ್ಯಾನ್ ತಿರುಗಿಸಿದರೆ ಮೈಗೆ 24ರಷ್ಟೇ ಹಿತ, ಅದೂ ಫ್ಯಾನಿನ ಮೂವತ್ತೋ ಎಪ್ಪತ್ತೋ ವ್ಯಾಟಿನ ಖರ್ಚಿನಲ್ಲಿ.

ಮೇಲಂತಸ್ತಿನವರ ಪಾಡು ಬೇರೆ. ಹಗಲೆಲ್ಲ ಕಾದ ಸ್ಲ್ಯಾಬು ಆ ಕಾವನ್ನು ಒಳಗೆ ಬಿಡುವುದು ತಡವಾಗಿ, ಊಟ ಮುಗಿಸಿ ಹಾಸಿಗೆ ಹಾಸುವ ಹೊತ್ತಿಗೆ. ಎಸಿಯೂ ಸ್ಲ್ಯಾಬೂ ರಾತ್ರಿಯಿಡೀ ಕುಸ್ತಿ ಹಿಡಿಯುತ್ತವೆ. ಇಲ್ಲಿ ಅತಿ ಅಗ್ಗದ ಮದ್ದು ಮಾಳಿಗೆಗೆ ಬಿಳಿ ಬಳಿಯುವುದು, ಸುಣ್ಣವಾದರೂ ಸರಿ, ಬಿಸಿಲು ಮರಳಿಸುವ ಪೇಂಟಾದರೂ ಸರಿ. ಅಹಮದಾಬಾದ್ ತನ್ನ 2013ರ ಬಿಸಿಲ ಯೋಜನೆಯ ನಂತರ ಈ ದಾರಿ ಹಿಡಿಯಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿತು. ಹುಬ್ಬಳ್ಳಿಗೆ ಇನ್ನೊಂದು ವರವಿದೆ: ಸಂಜೆ ಮಲೆನಾಡಿನ ದಿಕ್ಕಿನಿಂದ ಬೀಸುವ ಪಡುಗಾಳಿ. ಏಳರಿಂದ ಒಂಬತ್ತರವರೆಗೆ ಕಿಟಕಿ ತೆರೆದಿಟ್ಟು ದಿನದ ಝಳವನ್ನು ಅದಕ್ಕೆ ಒಪ್ಪಿಸಿ, ಆಮೇಲೆ ಮುಚ್ಚಿ ಎಸಿ ಹಾಕಿದರೆ ಯಂತ್ರದ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಕೂಲರ್ ಸಾಲದೇ ಎಂದು ಕೇಳುವವರಿಗೆ ಉತ್ತರ ತಿಂಗಳ ಮೇಲೆ ನಿಂತಿದೆ. ಮಾರ್ಚ್, ಏಪ್ರಿಲ್ಲಿನ ಒಣಹವೆಯಲ್ಲಿ ನೀರು ಆವಿಯಾಗುವುದು ಸಲೀಸು, ಕೂಲರ್ ಸೊಗಸಾಗಿ ನಡೆಯುತ್ತದೆ. ಮಂಗಳೂರಿನಲ್ಲಿ ಆಗದ್ದು ಇಲ್ಲಿ ಆಗುತ್ತದೆ. ಆದರೆ ಅದು ದಿನಕ್ಕೆ ಹತ್ತಾರು ಲೀಟರ್ ನೀರು ಕುಡಿಯುತ್ತದೆ. ಮಲಪ್ರಭೆಯ ನೀರು ನಲ್ಲಿಗೆ ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಓಣಿಗಳಲ್ಲಿ ಆ ಲೆಕ್ಕ ಸಣ್ಣದಲ್ಲ. ಮೇ ತಿಂಗಳಲ್ಲಿ ಮೋಡ ಕಟ್ಟಿ ಶೆಕಿ ಶುರುವಾದ ಮೇಲೆ ಕೂಲರ್ ಬರೀ ಒದ್ದೆ ಗಾಳಿ ಊದುತ್ತದೆ.

ಹವೆಯ ಈ ಬದಲಾವಣೆಯನ್ನು ಕೇಶ್ವಾಪುರದ ಮನೆಗಳಲ್ಲಿ ಎಸಿಯ ಡ್ರೈನ್ ಪೈಪಿನ ಕೆಳಗಿಟ್ಟ ಬಕೆಟ್ಟು ಮೊದಲು ಹೇಳುತ್ತದೆ. ಮಾರ್ಚಿನಲ್ಲಿ ರಾತ್ರಿಯೆಲ್ಲ ಎಸಿ ಓಡಿದರೂ ತಳವಷ್ಟೇ ಒದ್ದೆ. ಗಾಳಿಯಲ್ಲಿ ನೀರೇ ಇಲ್ಲದಾಗ ಎಲ್ಲಿಂದ ಬಂದೀತು? ಅದನ್ನು ಕಂಡು "ಪೈಪ್ ಬ್ಲಾಕ್ ಆಗೇದ" ಎಂದು ಫೋನು ಮಾಡುವವರಿದ್ದಾರೆ. ಒಳಗಿನ ಗೋಡೆಯ ಮೇಲೆ ನೀರು ಇಳಿಯದಿದ್ದರೆ ಬ್ಲಾಕ್ ಏನೂ ಇಲ್ಲ. ಮೇ ನಡುವಿನ ಹೊತ್ತಿಗೆ, ಗುಡುಗು ಕೇಳಿಸುವ ಎರಡು ದಿನ ಮೊದಲೇ, ಬಕೆಟ್ಟು ಬೆಳಗಾಗುವುದರೊಳಗೆ ತುಂಬಿ ತುಳುಕುತ್ತದೆ. ಕುಡಿಯಲು ಬಾರದ ಆ ನೀರು ಬೆಳಗ್ಗೆ ಆರಕ್ಕೆ ಮಾಳಿಗೆಯ ದಾಸವಾಳದ ಕುಂಡಕ್ಕೆ ಹೋಗುತ್ತದೆ, ಉಳಿದದ್ದು ಅಂಗಳ ತೊಳೆಯಲಿಕ್ಕೆ.